ಮೊದಲು ಪೆನ್ನು, ಆಮೇಲೆ ಆಸ್ಪತ್ರೆ

ಪ್ರಶ್ನೆ: ಡಾಕ್ಟ್ರೇ, ನಾವು ವಿಜಯನಗರದಲ್ಲಿ ಇದ್ದೇವೆ. ಮಗಳಿಗೆ ಆರು ವರ್ಷ, 19 ಕೆಜಿ ತೂಕ. ಚಳಿಗಾಲದಲ್ಲಿ ಆಗಾಗ ಉಬ್ಬಸ ಬರುತ್ತದೆ. ಈ ಸಂಕ್ರಾಂತಿಯಂದು ಪಕ್ಕದ ಮನೆಯವರು ಬೀರಿದ ಎಳ್ಳುಬೆಲ್ಲ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿಕೊಂಡಿತು, ಮೈತುಂಬ ಗಂಧೆ ಎದ್ದವು. ಮೂರು ಸಲ ವಾಂತಿ ಮಾಡಿದಳು, ಆಮೇಲೆ ಕೆಮ್ಮು ಶುರುವಾಯಿತು. ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹತ್ತಿರದ ಕ್ಲಿನಿಕ್‌ಗೆ ಓಡಿದೆ. ಅಲ್ಲಿ ಅವಿಲ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಆಮೇಲೆ ತೋರಿಸಿದ ಮಕ್ಕಳ ವೈದ್ಯರು ಇದು ಅನಾಫಿಲ್ಯಾಕ್ಸಿಸ್, ಅಡ್ರಿನಲಿನ್ ಪೆನ್ (ಪೆನ್ನಿನ ಆಕಾರದ ಸಿದ್ಧ ಇಂಜೆಕ್ಷನ್) ಇಟ್ಟುಕೊಳ್ಳಿ ಅಂದರು. ನಾದಿನಿ ಅಮೆರಿಕದಿಂದ ಎರಡು ಪೆನ್ ಇರುವ ಡಬ್ಬಿ ತಂದುಕೊಟ್ಟಿದ್ದಾಳೆ. ಮಗು ಮುಟ್ಟಬಾರದು ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಯಾವಾಗ ಹಾಕಬೇಕು, ಹೇಗೆ ಹಾಕಬೇಕು? ಸುಮ್ನೆ ಹಾಕಿಬಿಟ್ಟರೆ ಹೃದಯಕ್ಕೆ ತೊಂದರೆ ಆಗಲ್ವಾ? ಡಾಕ್ಟರ್ ಇಲ್ಲದೆ ಮಗುವಿಗೆ ಸೂಜಿ ಚುಚ್ಚೋದು ಬೇಡವೇ ಬೇಡ ಅಂತಾರೆ ನಮ್ಮ ಅತ್ತೆ. ಅವರಿಗೆ ಹೇಗೆ ಹೇಳಲಿ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಎದ್ದು ಹೋಗಿ ಬೀರು ತೆಗೆದು ಆ ಡಬ್ಬಿಯನ್ನು ಹೊರಗೆ ತನ್ನಿ. ಮಗುವಿನ ಕೈಗೆ ಎಟುಕದ, ಆದರೆ ದೊಡ್ಡವರ ಕೈಗೆ ಕ್ಷಣದಲ್ಲಿ ಸಿಗುವ ಜಾಗದಲ್ಲಿ ಇಡಿ. ಬೀಗ ಬೇಡ. ಆ ಹೊತ್ತಿಗೆ ಕೀಲಿ ಎಲ್ಲಿದೆ ಅಂತ ಯಾರಿಗೂ ನೆನಪಾಗುವುದಿಲ್ಲ.

ಸಂಕ್ರಾಂತಿಯಂದು ನಿಮ್ಮ ಮಗುವಿಗೆ ಆದದ್ದು ಬರೀ ಪಿತ್ತಗಂಧೆ ಅಲ್ಲ. ನಮ್ಮ ಮನೆಗಳಲ್ಲಿ ಗಂಧೆ ಎದ್ದರೆ ಕಂಬಳಿ ಹೊದಿಸುವುದು, ದೊಡ್ಡಪತ್ರೆ ರಸ ಹಚ್ಚುವುದು ರೂಢಿ. ಚರ್ಮದ ಮೇಲೆ ಮಾತ್ರ ಗಂಧೆ ಇದ್ದು, ಮಗು ಆಡಿಕೊಂಡು ಮಾತಾಡಿಕೊಂಡು ಇದ್ದರೆ, ಡಾಕ್ಟರ್ ಬರೆದುಕೊಟ್ಟ ಅಲರ್ಜಿ ಸಿರಪ್ ಕೊಟ್ಟು, ಕಣ್ಣಿಟ್ಟು ನೋಡಿಕೊಂಡರೆ ಸಾಕು. ಆದರೆ ನಿಮ್ಮ ಮಗಳಿಗೆ ಚರ್ಮ, ಹೊಟ್ಟೆ, ಉಸಿರು ಮೂರೂ ಒಂದರ ಹಿಂದೊಂದು ಕೆಟ್ಟವು, ಅದೂ ತಿಂದ ಹತ್ತೇ ನಿಮಿಷಕ್ಕೆ ಶುರುವಾಗಿ. ಅಲರ್ಜಿ ಇಡೀ ಮೈಗೆ ಹರಡಿತ್ತು ಅಂತ ಅರ್ಥ. ಅದನ್ನೇ ಅನಾಫಿಲ್ಯಾಕ್ಸಿಸ್ ಅನ್ನುತ್ತೇವೆ. ರಕ್ತನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ, ಗಂಟಲು ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಈ ಮೂರನ್ನೂ ಒಂದೇ ಏಟಿಗೆ ತಿರುಗಿಸುವ ಔಷಧಿ ಅಡ್ರಿನಲಿನ್. ಅದರ ಜಾಗ ತುಂಬುವ ಬೇರೆ ಔಷಧಿ ಇಲ್ಲ.

ಅವಿಲ್, ಸೆಟ್ರಿಜಿನ್ ಎಂಬ ಅಲರ್ಜಿ ಔಷಧಿಗಳು ತುರಿಕೆ ಮತ್ತು ಗಂಧೆಯನ್ನು ಇಳಿಸುತ್ತವೆ, ಅಷ್ಟೇ. ಊದಿದ ಗಂಟಲನ್ನು ಬಿಡಿಸುವುದಿಲ್ಲ, ಇಳಿದ ಬಿಪಿಯನ್ನು ಎತ್ತುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಶುರು ಮಾಡುವುದಕ್ಕೇ ಗಂಟೆಗಟ್ಟಲೆ ಬೇಕು. ಅವತ್ತು ನಿಮ್ಮ ಮಗಳು ಚೇತರಿಸಿಕೊಂಡಳು, ಬಹಳ ಸಂತೋಷ. ಆದರೆ ಅವಿಲ್‌ನಿಂದಲೇ ಉಳಿದಳು ಅಂದುಕೊಳ್ಳಬೇಡಿ. ಕೆಲವು ಸಲ ದೇಹ ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ. ಮುಂದಿನ ಸಲವೂ ಹಾಗೇ ಆಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹೋದ ಸಲ ಹಗುರವಾಗಿತ್ತು ಅಂದ ಮಾತ್ರಕ್ಕೆ ಈ ಸಲವೂ ಹಗುರವಾಗಿಯೇ ಇರಬೇಕು ಅಂತ ಅಲರ್ಜಿಗೆ ನಿಯಮ ಇಲ್ಲ.

ಯಾವಾಗ ಹಾಕಬೇಕು? ಆಗದ್ದನ್ನು ತಿಂದಮೇಲೆ, ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ, ಮಗುವಿನ ದನಿ ಒಡೆದರೆ, ಕೆಮ್ಮು ನಿಲ್ಲದಿದ್ದರೆ, ಎದೆಯಲ್ಲಿ ಸುಯ್ ಸುಯ್ ಅಂದರೆ, ನಾಲಿಗೆ ಊದಿದರೆ, ಎಂಜಲು ನುಂಗಲಾಗದೆ ಜೊಲ್ಲು ಸುರಿಸಿದರೆ, ಕಾಯಬೇಡಿ. ಮುಖ ಬಿಳಿಚಿಕೊಂಡು ಮೈ ಜೋತುಬಿದ್ದರೂ ಕಾಯಬೇಡಿ. ಗಂಧೆಯ ಜೊತೆಗೆ ಮತ್ತೆ ಮತ್ತೆ ವಾಂತಿಯಾದರೂ ಅದೇ ಮಾತು. ಚಿಕ್ಕ ಮಕ್ಕಳು ಕೆಲವೊಮ್ಮೆ ಇದ್ದಕ್ಕಿದ್ದಂತೆ ಮಂಕಾಗಿ ತೂಕಡಿಸಲು ಶುರುಮಾಡುತ್ತಾರೆ. "ಸುಸ್ತಾಗಿದೆ, ಮಲಗಲಿ ಬಿಡಿ" ಅಂತ ಬಿಟ್ಟುಬಿಡುವ ಹೊತ್ತು ಅದಲ್ಲ. ಇನ್ನೊಂದು ಮಾತು. ಹತ್ತರಲ್ಲಿ ಒಂದೆರಡು ಸಲ ಚರ್ಮದ ಮೇಲೆ ಏನೂ ಕಾಣಿಸುವುದೇ ಇಲ್ಲ. ಗಂಧೆ ಇಲ್ಲವಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ.

ಹಾಕಲೋ ಬೇಡವೋ ಅನ್ನುವ ಅನುಮಾನ ಬಂತು ಅಂದರೆ ಹಾಕಿಬಿಡಿ. ಬೇಡದೆ ಹಾಕಿದ್ದರಿಂದ ಆಗುವ ತೊಂದರೆ ಚಿಕ್ಕದು, ಬೇಕಿದ್ದಾಗ ಹಾಕದಿದ್ದರೆ ಆಗುವುದು ದೊಡ್ಡದು.

ಹೃದಯದ ಭಯ ನಿಮ್ಮೊಬ್ಬರದ್ದಲ್ಲ. ನನ್ನ ಮುಂದೆ ಕೂತ ಹೆಚ್ಚುಕಡಿಮೆ ಎಲ್ಲ ತಂದೆತಾಯಿಯರೂ ಇದನ್ನೇ ಕೇಳಿದ್ದಾರೆ. ಅಡ್ರಿನಲಿನ್ ಹೊರಗಿನಿಂದ ಬಂದ ವಿಷವಲ್ಲ. ನಮ್ಮ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿ ದಿನಾಲೂ ತಯಾರಿಸುವ ವಸ್ತು. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ. ಪೆನ್ ಹಾಕಿದ ಮೇಲೆ ಮಗುವಿನ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಮುಖ ಸ್ವಲ್ಪ ಬಿಳಿಚುತ್ತದೆ, ತಲೆ ನೋಯಬಹುದು. ಹದಿನೈದಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ತೊಡೆಯ ಸ್ನಾಯುವಿಗೆ ಕೊಡುವ ಈ ಅಳತೆ ಆರೋಗ್ಯವಂತ ಮಗುವಿನ ಹೃದಯವನ್ನು ಕೆಡಿಸುವುದಿಲ್ಲ. ಹೃದಯದ ಕಾಯಿಲೆ ಇರುವ ಮಗುವಾದರೂ ಅನಾಫಿಲ್ಯಾಕ್ಸಿಸ್‌ನಲ್ಲಿ ಅಡ್ರಿನಲಿನ್ ಕೊಡಲೇಬೇಕು.

ಸುಮಾರು ವರ್ಷಗಳ ಹಿಂದೆ ರಾತ್ರಿ ಪಾಳಿಯಲ್ಲಿದ್ದಾಗ ಒಬ್ಬರು ಎಂಟು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿಬಂದರು. ಮದುವೆ ಮನೆಯಲ್ಲಿ ಗೋಡಂಬಿ ಹಾಕಿದ ಸಿಹಿ ತಿಂದಿದ್ದ ಹುಡುಗ. ತುಟಿ ನೀಲಿಯಾಗಿತ್ತು. ಟ್ರಾಫಿಕ್ಕಿನಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅಡ್ರಿನಲಿನ್ ಕೊಟ್ಟು, ಆಕ್ಸಿಜನ್ ಹಾಕಿ, ಐಸಿಯುಗೆ ಸೇರಿಸಿದೆವು. ಹೊರಗೆ ಬಂದು ನೋಡಿದರೆ ತಂದೆಯ ಅಂಗಿ ಜೇಬಿನಲ್ಲಿ ಪೆನ್ನು ಇತ್ತು. ನೀಲಿ ಮುಚ್ಚಳ ಹಾಗೇ ಇತ್ತು. "ತಪ್ಪಾಗಿ ಹಾಕಿಬಿಟ್ಟರೆ ಅಂತ ಹೆದರಿ, ನಿಮ್ಮ ಕೈಯಲ್ಲೇ ಹಾಕಿಸೋಣ ಅಂತ ತಂದೆ" ಅಂದರು. ಹುಡುಗ ಬದುಕಿದ. ಆದರೆ ಆ ನಲವತ್ತು ನಿಮಿಷದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಅವತ್ತಿನಿಂದ ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದೇ: ಪೆನ್ನು ಆಸ್ಪತ್ರೆಗೆ ತರುವ ವಸ್ತುವಲ್ಲ, ಹೊರಡುವ ಮೊದಲೇ ಹಾಕುವ ವಸ್ತು.

ಈ ಸಾಧನ ಹುಟ್ಟಿದ್ದೇ ಡಾಕ್ಟರಲ್ಲದವರ ಕೈಗೆ. ಯುದ್ಧದಲ್ಲಿ ವಿಷಾನಿಲ ಬಿಟ್ಟಾಗ ಸೈನಿಕರು ತಾವೇ ತೊಡೆಗೆ ಚುಚ್ಚಿಕೊಳ್ಳಲು ಮಾಡಿದ್ದ ಇಂಜೆಕ್ಟರ್‌ನಿಂದ ಬೆಳೆದು ಬಂದದ್ದು ಎಪಿಪೆನ್ ಅನ್ನುವ ಹೆಸರಿನ ಅಡ್ರಿನಲಿನ್ ಪೆನ್. 1987ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹೆದರಿದ, ನಡುಗುವ ಕೈಯೂ ಬಳಸಬಹುದಾದ ಹಾಗೆ ಅದನ್ನು ಮಾಡಿದ್ದಾರೆ.

ಈಗ ಹೇಗೆ ಹಾಕುವುದು ನೋಡೋಣ. ನಿಮ್ಮ ಹತ್ತಿರ ಇರುವುದು ನೀಲಿ ಮುಚ್ಚಳ, ಕಿತ್ತಳೆ ಬಣ್ಣದ ತುದಿ ಇರುವ ಪೆನ್ ಅಂದುಕೊಂಡು ಬರೆಯುತ್ತೇನೆ. ಬೇರೆ ಕಂಪನಿಯದಾದರೆ ಅದರ ಮೇಲಿನ ಚಿತ್ರಗಳನ್ನು ನೋಡಿಕೊಳ್ಳಿ. ಹಿಡಿಯುವ ಹೊತ್ತು, ಮುಚ್ಚಳದ ಜಾಗ ಬೇರೆ ಇರಬಹುದು.

ಮಗುವನ್ನು ಮಲಗಿಸಿ. ಉಸಿರಾಟಕ್ಕೆ ಕಷ್ಟವಾಗಿದ್ದರೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿಯಿರಿ, ಕಿತ್ತಳೆ ತುದಿ ಕೆಳಗೆ. ಹೆಬ್ಬೆರಳನ್ನು ಯಾವ ತುದಿಯ ಮೇಲೂ ಇಡಬೇಡಿ. ಗಾಬರಿಯಲ್ಲಿ ಪೆನ್ನು ತಲೆಕೆಳಗಾಗಿ, ಸೂಜಿ ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡವರಿದ್ದಾರೆ. ಹಾಗಾದರೆ ಅವರೂ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಮಗುವಿನ ಔಷಧಿಯೂ ಹಾಳು. ಇನ್ನೊಂದು ಕೈಯಿಂದ ನೀಲಿ ಮುಚ್ಚಳವನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ನೀಲಿ ಆಕಾಶದ ಕಡೆ, ಕಿತ್ತಳೆ ತೊಡೆಯ ಕಡೆ. ಇಷ್ಟು ನೆನಪಿಟ್ಟರೆ ತಲೆಕೆಳಗಾಗುವುದಿಲ್ಲ.

ಚುಚ್ಚುವ ಜಾಗ ತೊಡೆಯ ಹೊರಮಗ್ಗುಲು, ಸೊಂಟಕ್ಕೂ ಮಂಡಿಗೂ ನಡುವೆ. ತೋಳಿಗೆ ಬೇಡ, ಕುಂಡಿಗೆ ಬೇಡ. ಕಾರಣ ಇದೆ. ಕೆನಡಾದ ಡಾ. ಎಸ್ಟೆಲ್ ಸೈಮನ್ಸ್ ಮತ್ತು ಅವರ ತಂಡ 1998ರಲ್ಲಿ ಮಕ್ಕಳಲ್ಲಿ ಅಳೆದು ನೋಡಿದರು. ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಪೂರ್ತಿ ಮಟ್ಟ ತಲುಪಲು ಸರಾಸರಿ ಎಂಟು ನಿಮಿಷ ಸಾಕಾಯಿತು. ಚರ್ಮದ ಕೆಳಗೆ ಕೊಟ್ಟಾಗ ಮೂವತ್ನಾಲ್ಕು ನಿಮಿಷ ಬೇಕಾಯಿತು. ಉಸಿರು ಕಟ್ಟಿದ ಮಗುವಿಗೆ ಈ ಅಂತರವೇ ಪ್ರಾಣ.

ಬಟ್ಟೆ ಬಿಚ್ಚುವ ಕೆಲಸ ಬೇಡ. ಯೂನಿಫಾರ್ಮ್ ಇರಲಿ, ಜೀನ್ಸ್ ಇರಲಿ, ಮೇಲಿಂದಲೇ ಸೂಜಿ ಹೋಗುತ್ತದೆ. ಜೇಬು ಮತ್ತು ದಪ್ಪ ಹೊಲಿಗೆಯ ಜಾಗ ತಪ್ಪಿಸಿ. ಹಬ್ಬದ ದಿನ ಜರಿಯ ಲಂಗ ಹಾಕಿದ್ದರೆ ಮೇಲಕ್ಕೆ ಸರಿಸಿಬಿಡಿ. ಮಗು ಕಾಲು ಒದರುತ್ತದೆ, ಅದು ಖಂಡಿತ. ಅದಕ್ಕೇ ಮೊದಲು ಕಾಲನ್ನು ಗಟ್ಟಿಯಾಗಿ ಹಿಡಿಯಿರಿ. ಇನ್ನೊಬ್ಬರು ಇದ್ದರೆ ಮಗುವನ್ನು ಅಪ್ಪಿ ಕೈಗಳನ್ನು ಹಿಡಿದುಕೊಳ್ಳಲಿ. ಸೂಜಿ ಒಳಗಿದ್ದಾಗ ಕಾಲು ಅಲ್ಲಾಡಿದರೆ ಚರ್ಮ ಹರಿಯುತ್ತದೆ. ಕಿತ್ತಳೆ ತುದಿಯನ್ನು ತೊಡೆಗೆ ನೇರವಾಗಿ ಒತ್ತಿ. ಟಕ್ ಅಂತ ಸದ್ದು ಬರುವವರೆಗೆ ಗಟ್ಟಿಯಾಗಿ ಒತ್ತಬೇಕು, ಮೆಲ್ಲಗೆ ತಾಗಿಸಿದರೆ ಆಗುವುದಿಲ್ಲ. ಹಾಗೇ ಹಿಡಿದು ನಿಧಾನವಾಗಿ ಒಂದು, ಎರಡು, ಮೂರು ಎಣಿಸಿ. ತೆಗೆಯಿರಿ. ಹತ್ತು ಸೆಕೆಂಡು ಆ ಜಾಗ ಉಜ್ಜಿ. ಹೊರಗೆ ತೆಗೆದ ಕೂಡಲೇ ಕಿತ್ತಳೆ ತುದಿ ಉದ್ದವಾಗಿ ಸೂಜಿಯನ್ನು ಮುಚ್ಚಿಕೊಳ್ಳುತ್ತದೆ. ಒಳಗೆ ಇನ್ನೂ ಔಷಧಿ ಉಳಿದಿರುವುದು ಕಾಣಿಸಿದರೆ ಗಾಬರಿಯಾಗಬೇಡಿ. ಈ ಪೆನ್ನು ಇರುವುದೇ ಹಾಗೆ. ಬೇಕಾದಷ್ಟು ಹೋಗಿರುತ್ತದೆ, ಉಳಿದದ್ದನ್ನು ಮತ್ತೆ ಹಾಕಲು ಬರುವುದಿಲ್ಲ.

ಹಾಕಿದ ಗಂಟೆಯನ್ನು ಬಾಲ್‌ಪೆನ್ನಿನಿಂದ ಮಗುವಿನ ಕೈ ಮೇಲೇ ಬರೆಯಿರಿ. 108ಕ್ಕೆ ಫೋನ್ ಮಾಡಿ, "ಅಲರ್ಜಿ ಆಗಿ ಉಸಿರಿಗೆ ಕಷ್ಟ, ಅನಾಫಿಲ್ಯಾಕ್ಸಿಸ್, ಅಡ್ರಿನಲಿನ್ ಹಾಕಿದ್ದೇವೆ" ಅಂತ ನೇರವಾಗಿ ಹೇಳಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ, ಅಥವಾ ಸುಧಾರಿಸಿ ಮತ್ತೆ ಹದಗೆಟ್ಟರೆ, ಎರಡನೇ ಪೆನ್ ಹಾಕಿ. ಎರಡು ಇರುವುದು ಅದಕ್ಕೇ. ಒಂದು ಮನೆಗೆ, ಒಂದು ಸ್ಕೂಲಿಗೆ ಅಂತ ಹಂಚಬೇಡಿ. ಎರಡೂ ಒಂದೇ ಚೀಲದಲ್ಲಿ, ಮಗು ಹೋದಲ್ಲಿಗೆ ಹೋಗಬೇಕು.

ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹೋದೆ ಅಂತ ಬರೆದಿದ್ದೀರಿ. ಆ ಹೊತ್ತಿನಲ್ಲಿ ಯಾವ ತಾಯಿಯಾದರೂ ಹಾಗೇ ಓಡುತ್ತಿದ್ದಳು. ಆದರೆ ಇನ್ನು ಮುಂದೆ ಬೇಡ. ಬಿಪಿ ಇಳಿದ ಮಗುವನ್ನು ತಟ್ಟನೆ ಎಬ್ಬಿಸಿ ನಿಲ್ಲಿಸಿದರೆ, ನಡೆಸಿದರೆ, ಹೃದಯಕ್ಕೆ ರಕ್ತ ವಾಪಸ್ ಬರುವುದೇ ಕಡಿಮೆಯಾಗುತ್ತದೆ. ಹಾಗೆ ನಿಂತ ಕ್ಷಣದಲ್ಲೇ ಕುಸಿದು ಪ್ರಾಣ ಹೋದ ಪ್ರಸಂಗಗಳು ದಾಖಲಾಗಿವೆ. ಆದ್ದರಿಂದ ಮಲಗಿಸಿ, ಕಾಲು ಎತ್ತರಕ್ಕೆ ಇಡಿ. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ತಿರುಗಿಸಿ. ಮೆಟ್ಟಿಲು ಇಳಿಸಬೇಕಾದರೆ ಆದಷ್ಟು ಅಡ್ಡಲಾಗಿ ಎತ್ತಿಕೊಳ್ಳಿ. ಸಂಜೆಯ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ತಡ ಅಂತ 108ರವರೇ ಹೇಳಿದರೆ, ಪಕ್ಕದವರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡಿ. ಪೆನ್ ಹಾಕಿದ ಮೇಲೆ, ಮೊದಲಲ್ಲ.

ಯಾವ ಆಸ್ಪತ್ರೆ ಅನ್ನುವುದನ್ನು ಇವತ್ತೇ ತೀರ್ಮಾನಿಸಿ. ಇಪ್ಪತ್ನಾಲ್ಕು ಗಂಟೆಯೂ ಎಮರ್ಜೆನ್ಸಿ ಇರುವ, ಮಕ್ಕಳಿಗೆ ಆಕ್ಸಿಜನ್ ಕೊಡಬಲ್ಲ ಕಡೆಗೆ ಹೋಗಬೇಕು. ಮಗು ಚೆನ್ನಾಗಿ ಕಂಡರೂ ಹೋಗಲೇಬೇಕು. ಕೆಲವು ಗಂಟೆಗಳ ನಂತರ, ಏನನ್ನೂ ತಿನ್ನದೆಯೇ, ಎರಡನೇ ಅಲೆ ಬರಬಹುದು. ಕನಿಷ್ಠ ನಾಲ್ಕರಿಂದ ಆರು ಗಂಟೆ, ಕೆಲವರನ್ನು ಒಂದು ರಾತ್ರಿ, ನೋಡಿಕೊಳ್ಳುತ್ತಾರೆ. ಬಳಸಿದ ಪೆನ್ನನ್ನು ಜೊತೆಗೆ ಒಯ್ಯಿರಿ.

ನಿಮ್ಮ ಮಗಳಿಗೆ ಉಬ್ಬಸ ಇದೆ ಅಂದಿರಿ. ಇದು ನನಗೆ ಹೆಚ್ಚು ಚಿಂತೆಯ ವಿಷಯ. ಹತೋಟಿಯಲ್ಲಿ ಇಲ್ಲದ ಉಬ್ಬಸ ಇರುವ ಮಕ್ಕಳಲ್ಲಿ ಅನಾಫಿಲ್ಯಾಕ್ಸಿಸ್ ಜಾಸ್ತಿ ತೀವ್ರವಾಗಬಹುದು. ದಿನನಿತ್ಯದ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಚಳಿ ಕಳೆಯಿತು ಅಂತ ನೀವೇ ನಿಲ್ಲಿಸಬೇಡಿ. ತಿಂದ ಮೇಲೆ ಕೆಮ್ಮು ಬಂದಾಗ "ಉಬ್ಬಸವೇ ಇರಬೇಕು" ಅಂತ ನೆಬುಲೈಸರ್ ಹಚ್ಚಿ ಕೂರುವುದು ನಾನು ಪದೇ ಪದೇ ನೋಡಿದ ತಪ್ಪು. ಮೊದಲು ಅಡ್ರಿನಲಿನ್, ಇನ್‌ಹೇಲರ್ ಪಫ್ ಆಮೇಲೆ.

ಅಳತೆಯ ಬಗ್ಗೆ: 19 ಕೆಜಿಗೆ 0.15 ಮಿಲಿಗ್ರಾಂ ಪೆನ್ ಸರಿ. ಎಪಿಪೆನ್‌ನಲ್ಲಿ ಅದು ಹಸಿರು ಲೇಬಲ್ಲಿನ ಜೂನಿಯರ್. ನಾದಿನಿ ತಂದದ್ದು ಅದೇನಾ ನೋಡಿ. ಸುಮಾರು 25 ಕೆಜಿ ಆದಾಗ 0.3ರ ಪೆನ್ನಿಗೆ ಬದಲಾಯಿಸುತ್ತೇವೆ, ಹಾಗಾಗಿ ಆಗಾಗ ತೂಕ ನೋಡುತ್ತಿರಿ.

ವಿದೇಶದಿಂದ ತರಿಸಲಾಗದ ಓದುಗರಿಗೂ ಒಂದು ಮಾತು. ಈ ಪೆನ್ನುಗಳು ನಮ್ಮ ಸಾಮಾನ್ಯ ಮೆಡಿಕಲ್ ಸ್ಟೋರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ ಇರುವ ಅಡ್ರಿನಲಿನ್ ಆಂಪ್ಯೂಲ್ (ಪುಟ್ಟ ಗಾಜಿನ ಸೀಸೆ) ಇಲ್ಲೂ ಸಿಗುತ್ತದೆ, ದುಬಾರಿಯಲ್ಲ. ಡಾಕ್ಟರ್ ಬರೆದುಕೊಟ್ಟು, ಮಗುವಿನ ತೂಕಕ್ಕೆ ಸರಿಯಾದ ಗೆರೆಯನ್ನು ಸಿರಿಂಜಿನ ಮೇಲೆ ಗುರುತು ಮಾಡಿ, ಎದುರಿಗೆ ಕೂರಿಸಿಕೊಂಡು ಕಲಿಸಿದರೆ ತಂದೆತಾಯಿ ಕಲಿಯುತ್ತಾರೆ. ಒಂದು ಕೆಜಿಗೆ 0.01 ಎಂಎಲ್ ಲೆಕ್ಕ. ಇನ್ಸುಲಿನ್ ಸಿರಿಂಜ್ ಮಾತ್ರ ಬಳಸಬೇಡಿ. ಅದರ ಗೆರೆಗಳು ಎಂಎಲ್ ಅಲ್ಲ, ಯೂನಿಟ್. ಸೂಜಿಯೂ ಗಿಡ್ಡ, ಸ್ನಾಯು ಮುಟ್ಟುವುದಿಲ್ಲ. ಕಲಿಯದೆ ಮನೆಯಲ್ಲಿ ಇದನ್ನು ಪ್ರಯತ್ನಿಸುವುದು ಬೇಡ.

ಯಾವುದು ಆಗಲಿಲ್ಲ ಅನ್ನುವುದು ಇನ್ನೂ ಗೊತ್ತಾಗಬೇಕು. ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎಲ್ಲವೂ ಇವೆ. ನನ್ನ ಅನುಮಾನ ಮೊದಲೆರಡರ ಮೇಲೆ. ಒಂದು ತಿಂಗಳು ಬಿಟ್ಟು ಅಲರ್ಜಿ ತಜ್ಞರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಆಗಿನ್ನೂ ಅಲರ್ಜಿ ಆದ ಹೊಸದರಲ್ಲಿ ಪರೀಕ್ಷೆ ತಪ್ಪು ತೋರಿಸಬಹುದು. "ಒಂದೇ ಒಂದು ಕಾಳು ಕೊಟ್ಟು ನೋಡೋಣ" ಅಂತ ಮನೆಯಲ್ಲಿ ಮಾತ್ರ ಯಾರೂ ಹೊರಡಬೇಡಿ. ಅಲ್ಲಿಯವರೆಗೆ ಎರಡನ್ನೂ ದೂರ ಇಡಿ. ಇದು ಸುಲಭವಲ್ಲ, ನನಗೆ ಗೊತ್ತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎಣ್ಣೆಗಾಯಿ, ನಿಪ್ಪಟ್ಟು, ಚಕ್ಕುಲಿ, ಚಿಗಳಿ, ಎಲ್ಲದರಲ್ಲೂ ಎರಡರಲ್ಲಿ ಒಂದು ಇರಬಹುದು. ಗಾಣದ ಎಣ್ಣೆಯಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ, ಅದೂ ಬೇಡ. ಕಾರ್ತಿಕ ಮಾಸದ ಬಸವನಗುಡಿ ಕಡಲೆಕಾಯಿ ಪರಿಷೆಯನ್ನು ಈ ವರ್ಷ ಬಿಟ್ಟುಬಿಡಿ. ಪ್ಯಾಕೆಟ್ ತಿಂಡಿಯ ಮೇಲೆ ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾದಂಥ ಅಲರ್ಜಿ ಪದಾರ್ಥಗಳನ್ನು ಎತ್ತಿ ಹೇಳಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ ಇದೆ. ಆದರೆ ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಹಾಗಾಗಿ ಎಳ್ಳಿಗೆ ಅಲರ್ಜಿಯ ಎಚ್ಚರಿಕೆಯ ಸಾಲು ನೋಡಿದರೆ ಸಾಲದು, ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಪೆನ್ನನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಸ್ಕೂಟರ್ ಡಿಕ್ಕಿಯಲ್ಲೂ ಬೇಡ. ಬಿಸಿಲು ಬೀಳದ ಕೋಣೆಯಲ್ಲಿರಲಿ. ತಿಂಗಳಿಗೊಮ್ಮೆ ಅದರ ಕಿಟಕಿಯಲ್ಲಿ ನೋಡಿ, ಔಷಧಿ ನೀರಿನಷ್ಟು ತಿಳಿಯಾಗಿರಬೇಕು. ಕಂದಾಗಿದ್ದರೆ, ಕದಡಿದ್ದರೆ ಬದಲಾಯಿಸಿ. ತಾರೀಕು ಮೀರುವ ಮೊದಲೇ ಹೊಸದು ತರಿಸಿ. ಆದರೆ ಆ ಗಳಿಗೆಯಲ್ಲಿ ತಾರೀಕು ಮುಗಿದ ಪೆನ್ ಒಂದೇ ಇದ್ದು, ಔಷಧಿ ತಿಳಿಯಾಗಿದ್ದರೆ, ಅದನ್ನೇ ಹಾಕಿ.

ಸ್ಕೂಲಿಗೆ ಒಂದು ಹಾಳೆ ಬರೆದುಕೊಡಿ. ಮಗುವಿನ ಫೋಟೊ, ಏನು ತಿನ್ನಬಾರದು, ಯಾವ ಲಕ್ಷಣಕ್ಕೆ ಪೆನ್, ಯಾರಿಗೆ ಫೋನ್. ನಿಮ್ಮ ಡಾಕ್ಟರ ಸಹಿ ಇರಲಿ. ಕ್ಲಾಸ್ ಟೀಚರ್ ಮತ್ತು ಆಯಾ ಇಬ್ಬರಿಗೂ ಕೈಯಲ್ಲಿ ಹಿಡಿಸಿ ತೋರಿಸಿ. ವ್ಯಾನ್ ಡ್ರೈವರಿಗೂ ವಿಷಯ ಗೊತ್ತಿರಲಿ.

ಇನ್ನು ನಿಮ್ಮ ಅತ್ತೆ. ಅವರ ಭಯ ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದದ್ದು, ವಾದ ಮಾಡಬೇಡಿ. ಅಮೆರಿಕದ ಎಪಿಪೆನ್ ಡಬ್ಬಿಯಲ್ಲಿ ಎರಡು ಪೆನ್ನಿನ ಜೊತೆಗೆ ಮೂರನೆಯದೊಂದು ಬರುತ್ತದೆ, ಮೇಲೆ ಟ್ರೈನರ್ ಅಂತ ಬರೆದಿರುತ್ತದೆ. ಅದರಲ್ಲಿ ಸೂಜಿಯೂ ಇಲ್ಲ, ಔಷಧಿಯೂ ಇಲ್ಲ. ಊಟ ಮುಗಿಸಿ ಕೂತಾಗ ಅದನ್ನು ಅವರ ಕೈಗೆ ಕೊಟ್ಟು, ನಿಮ್ಮ ತೊಡೆಗೆ ಒತ್ತಲು ಹೇಳಿ. ಟಕ್ ಅಂದಾಗ ಒಮ್ಮೆ ಬೆಚ್ಚುತ್ತಾರೆ. ಇನ್ನೊಮ್ಮೆ ಮಾಡಿಸಿ, ಮತ್ತೊಮ್ಮೆ ಮಾಡಿಸಿ. ಮುಂದೆ ತಾರೀಕು ಮುಗಿದ ಪೆನ್ ಸಿಕ್ಕಿದಾಗ ಒಂದು ಕಿತ್ತಳೆ ಹಣ್ಣಿಗೆ ಅವರ ಕೈಯಲ್ಲೇ ಚುಚ್ಚಿಸಿ, ನಿಜವಾದ ಪೆನ್ ಹೇಗೆ ಕೆಲಸ ಮಾಡುತ್ತದೆ ಅಂತ ಅವರೇ ನೋಡಲಿ. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಸ್ಕೂಲಿನಿಂದ ಬಂದ ಮಗುವಿಗೆ ತಿಂಡಿ ಕೊಡುವುದು ಅಜ್ಜಿಯೇ ಅಲ್ವಾ? ಹಾಗಿದ್ದರೆ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಲಿಯಬೇಕಾದವರು ಅವರೇ. ಈ ಮಾತನ್ನೇ ಅವರಿಗೆ ಹೇಳಿ. ಬೇಕಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಟ್ರೈನರ್ ಅವರ ಕೈಯಲ್ಲೇ ಇರಲಿ.